ಬ್ಯಾಂಡಿನವರ ಬೆನ್ನು ಹತ್ತಿದ ಬೇಸಿಗೆ

ನನಗೆ ನೌಕರಿ ಸಿಕ್ಕ ವಾರದಲ್ಲೇ ಒಂದು ಮೋಟಾರ್ ಸೈಕಲ್ಲೂ ಸಿಕ್ಕಿತು. ನೌಕರಿ ನಿಭಾಯಿಸಬಲ್ಲೆ ಎಂಬ ಧೈರ್ಯ ಅಷ್ಟಿಷ್ಟು ಇತ್ತು. ಮೋಟಾರ್ ಸೈಕಲ್ ಹೊಡೆಯಲು ಮಾತ್ರ ಬರುತ್ತಿರಲಿಲ್ಲ. ಸೈಕಲ್ಲನ್ನೇ ನಾನು ಹತ್ತನೇ ಇಯತ್ತೆಯಲ್ಲಿ ಬಿಟ್ಟಿದ್ದೆ.

ಗದಗ ಆಗ ಹೊಸ ಜಿಲ್ಲೆ. ನಮ್ಮ ಟಿಬಿ ಕಚೇರಿಯ ಹಳೆಯ ರಿಜಿಸ್ಟರುಗಳ ಮೇಲೆ 'ಧಾರವಾಡ ಜಿಲ್ಲೆ' ಎಂದು ಅಚ್ಚಾಗಿದ್ದುದನ್ನು ಪೆನ್ನಿನಿಂದ ಹೊಡೆದು 'ಗದಗ' ಎಂದು ಬರೆಯುವುದು ನನ್ನ ಮೊದಲ ಕೆಲಸವಾಯಿತು. ಅದು ಮುಗಿದ ಮೇಲೆ ಡಾಕ್ಟರು ಕರೆದು ನಿಜವಾದ ಕೆಲಸ ಹೇಳಿದರು. ಶಿರಹಟ್ಟಿ ಮತ್ತು ಮುಂಡರಗಿ ಕಡೆಯ ಊರುಗಳಲ್ಲಿ ಟಿಬಿ ಇದೆ ಎಂದು ಗೊತ್ತಾದವರು ಗುಳಿಗೆ ತಪ್ಪಿಸದಂತೆ ನೋಡಬೇಕು. ಅವರ ಮನೆಯ ಮಂದಿಗೆಲ್ಲ ಕೆಮ್ಮು ಇದೆಯೇ ಎಂದು ಕೇಳಬೇಕು. ಇದ್ದವರ ಕಫ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ ಅವರಿಗೆ ರೋಗ ಬಾರದಂತೆ ಮುಂಚೆಯೇ ಗುಳಿಗೆ ಕೊಡಿಸಬೇಕು. ಇಷ್ಟು ಹೇಳಿ ಅವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

"ಗಾಡಿ ಹೊಡೀತೀರಲ್ಲ?"

"ಹೊಡೀತೀನ್ರಿ ಸರ್," ಎಂದೆ. ಬಾಯಿಂದ ಬಂದುಬಿಟ್ಟಿತು.

ಬೆಟಗೇರಿಯ ಶಾಲೆಯೊಂದರಲ್ಲಿ ಮಾಸ್ತರಾಗಿದ್ದ ಅಪ್ಪ, ಶಾಲೆಯ ಮೈದಾನದಲ್ಲೇ ನನಗೆ ಗಾಡಿ ಕಲಿಸಲು ನಿಂತರು. ಅವರಿಗೂ ಬರುತ್ತಿರಲಿಲ್ಲ. ಪಕ್ಕದ ಮನೆಯವರನ್ನು ಕೇಳಿ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. ನಾನು ಗಾಡಿ ಬಿಟ್ಟ ಕೂಡಲೇ ಧೋತರದ ಚುಂಗು ಎತ್ತಿ ಹಿಡಿದು, ಆ ಹಾಳೆಯನ್ನು ಓದುತ್ತ ಹಿಂದೆ ಓಡಿ ಬಂದರು.

"ಎಡಗೈ ಬಿಡು ಮಗಳ! ಸಾವಕಾಶ! ಸಾವಕಾಶ ಅಂದ್ನಲ್ಲಾ!"

ನಾನು ಮೈದಾನಕ್ಕೆ ಹನ್ನೊಂದು ಸುತ್ತು ಹಾಕಿದೆ. ಹೊಡೆಯುವುದು ಬಂದಿತ್ತು, ನಿಲ್ಲಿಸುವುದು ಬಂದಿರಲಿಲ್ಲ. ಕೊನೆಗೆ ಧ್ವಜಕಟ್ಟೆಯ ಪಕ್ಕದ ಮರಳಿನ ಗುಡ್ಡೆಗೆ ಹೋಗಿ ನಿಂತೆ. ಅಪ್ಪ ಬಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, "ಪಾಸ್," ಎಂದರು.

ಹದಿನೈದು ದಿನದಲ್ಲಿ ನಾನು ಲಕ್ಷ್ಮೇಶ್ವರದ ರಸ್ತೆಯಲ್ಲಿದ್ದೆ. ಎರಡೂ ಕಡೆ ಕರಿ ಮಣ್ಣಿನ ಹೊಲ, ಎದುರಿಗೆ ಬಿಸಿ ಗಾಳಿ, ತಲೆಗೆ ಬಿಗಿದ ಓಢಣಿ. ಆ ಖುಷಿಯನ್ನು ಈಗ ಹೇಗೆ ಹೇಳಲಿ! ಯಾರೂ ಕೇಳುವವರಿಲ್ಲ ಎಂದು ಗಂಟಲು ಬಿಟ್ಟು ಹಾಡುತ್ತಿದ್ದೆ. ದಾರಿಯ ಊರುಗಳಲ್ಲಿ ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕಂಡ ಕೂಡಲೇ ಎದ್ದು ಕೈ ಬೀಸುತ್ತಿದ್ದರು. ಎಂಥ ಒಳ್ಳೆಯ ಜನ ಎಂದುಕೊಂಡು ನಾನೂ ಕೈ ಬೀಸುತ್ತಿದ್ದೆ. ಗಾಡಿಯ ಸ್ಟ್ಯಾಂಡ್ ಕೆಳಗೇ ಇದೆ ಎಂದು ಅವರು ಕೂಗುತ್ತಿದ್ದರೆಂದು ಗೊತ್ತಾದದ್ದು ಮೂರನೇ ದಿನ.

ಆ ಬೇಸಿಗೆಯಲ್ಲೇ ಲಕ್ಷ್ಮೇಶ್ವರದ ಒಬ್ಬ ಕ್ಲಾರಿಯೊನೆಟ್ ವಾದಕರ ಹೆಸರು ನನ್ನ ರಿಜಿಸ್ಟರಿಗೆ ಬಂತು. ಮದುವೆಗಳಲ್ಲಿ ಊದುವ ಬ್ಯಾಂಡ್ ಕಂಪನಿಯವರು. ನಲವತ್ತರ ಆಸುಪಾಸಿನ, ಬಡಕಲು ಮೈಯ ಮನುಷ್ಯ. ಕಫ ಪರೀಕ್ಷೆಯಲ್ಲಿ ಟಿಬಿ ಇರುವುದು ಖಾತ್ರಿಯಾಗಿ, ಡಾಕ್ಟರು ಅವರಿಗೆ ಗುಳಿಗೆ ಶುರು ಮಾಡಿ, ಎರಡು ತಿಂಗಳು ವಾದ್ಯ ಮುಟ್ಟಬೇಡಿ ಎಂದಿದ್ದರು. ನಾನು ಮನೆಗೆ ಹೋದಾಗ ಅವರು ಅಂಗಳದಲ್ಲಿ ಕ್ಲಾರಿಯೊನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಊದದೆ, ಬರೀ ಬೆರಳಾಡಿಸುತ್ತ ಕುಳಿತಿದ್ದರು.

ಮನೆಯಲ್ಲಿ ಅವರ ತಾಯಿ, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು. ದೊಡ್ಡವರಿಬ್ಬರಿಗೂ ಕೆಮ್ಮಿರಲಿಲ್ಲ. ಮಗುವಿಗೆ ದಿನಾ ಒಂದು ಗುಳಿಗೆ, ಆರು ತಿಂಗಳು. ಮಗು ಬಾಯಿ ಬಿಗಿಹಿಡಿದು ಅಜ್ಜಿಯ ಸೆರಗಿನೊಳಗೆ ಹೊಕ್ಕಿತು.

"ಅಬ್ಬಾ ನುಂಗಿದ್ರ ನಾನೂ ನುಂಗ್ತೀನಿ," ಎಂದಿತು ಒಳಗಿನಿಂದಲೇ.

ಅಬ್ಬಾ ತಮ್ಮ ಏಳು ಗುಳಿಗೆಗಳನ್ನು ಒಂದೊಂದಾಗಿ ತೋರಿಸಿ ನುಂಗಿದರು. ಮಗು ಹೊರಬಂದು, ತನ್ನದನ್ನು ನುಂಗಿ, ನಾಲಿಗೆ ಚಾಚಿ ನನಗೆ ತೋರಿಸಿತು. ಆದರೆ ಒಂದು ತೊಡಕಿತ್ತು. ಆಗಿನ ಪದ್ಧತಿಯಂತೆ ಅಪ್ಪನ ಗುಳಿಗೆ ದಿನ ಬಿಟ್ಟು ದಿನ, ಮಗಳದು ದಿನಾಲೂ. ಮರುದಿನ ಅಪ್ಪನಿಗೆ ಗುಳಿಗೆ ಇಲ್ಲವೆಂದು ತಿಳಿದು ಮಗು ಮತ್ತೆ ಬಾಯಿ ಬಿಗಿಹಿಡಿಯಿತಂತೆ. ಕೊನೆಗೆ ಅವರು ಗುಳಿಗೆ ಇಲ್ಲದ ದಿನ ಒಂದು ಪುಠಾಣಿ ಕಾಳು ಬಾಯಿಗೆ ಹಾಕಿಕೊಂಡು, ಮುಖ ಕಿವಿಚಿ ನೀರು ಕುಡಿಯತೊಡಗಿದರು. ಆರು ತಿಂಗಳೂ ಹಾಗೇ ನಡೆಸಿದರು.

ನನ್ನ ಫಾರಂನಲ್ಲಿ ಮನೆಯ ಸದಸ್ಯರಿಗೆಂದು ಇದ್ದ ಸಾಲುಗಳಲ್ಲಿ ಮೂರು ಹೆಸರು ತುಂಬಿ, ಕೆಳಗೆ ಸಹಿ ಮಾಡಿ ಏಳುತ್ತಿದ್ದೆ. ಅವರ ಹೆಂಡತಿ ಚಹಾದ ಬಸಿ ಮುಂದಿಟ್ಟು ನಕ್ಕರು.

"ಮನಿ ಮಂದೀನ ಬರಕೊಂಡ್ರಿ ಅಕ್ಕಾರ, ಚಲೋ ಆತು. ಆದ್ರ ಇವರು ಮನ್ಯಾಗ ಎಲ್ಲೆ ಇರ್ತಾರ್ರಿ? ಲಗ್ನದ ಸೀಜನ್ ಬಂತಂದ್ರ ಉಣ್ಣೂದೂ ಟೆಂಪೋದಾಗ, ಮಲಗೂದೂ ಟೆಂಪೋದಾಗ. ನನಗಿಂತ ಆ ಬ್ಯಾಂಡಿನವರ ಸಂಗಾಟನ ಅವರ ಸಂಸಾರ."

ನಾನು ಕೈಯಲ್ಲಿದ್ದ ಫಾರಂ ನೋಡಿದೆ. ಬ್ಯಾಂಡಿಗೆ ಅದರಲ್ಲಿ ಸಾಲಿರಲಿಲ್ಲ.

"ಎಷ್ಟು ಮಂದಿ ಅದಾರ್ರಿ ಟೆಂಪೋದಾಗ?" ಎಂದು ಕೇಳಿದೆ.

"ನನ್ನ ಹಿಡದು ಹದಿನಾಕು," ಎಂದರು ಕ್ಲಾರಿಯೊನೆಟ್‌ನವರು. "ಧೂಳ ಬರತೈತಂತ ಸುತ್ತಲೂ ತಾಡಪತ್ರಿ ಕಟ್ಟಿರ್ತೀವಿ. ಒಳಗ ಕುಂತ್ರ ಹಬಿ ಹಿಡದಂಗ ಆಕ್ಕೈತಿ." ಹಬೆಯಲ್ಲಿಟ್ಟ ಇಡ್ಲಿಯಂತೆ ಎಂದು ಕೈಮಾಡಿ ತೋರಿಸಿದರು.

ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕದ ಮೇಲಿಂದ ನೋಡಿದರು. "ಮನಿಯವರ ತಪಾಸಣಿನ ಪೂರಾ ಆಗವಲ್ದು. ಇನ್ನ ಊರೂರು ತಿರುಗೋ ಬ್ಯಾಂಡಿನವರನ್ನ ಯಾರು ಹಿಡೀತಾರ್ರಿ?"

"ನಾ ಹಿಡೀತೀನ್ರಿ ಸರ್. ಗಾಡಿ ಐತಲ್ರಿ."

"ಸ್ಟ್ಯಾಂಡ್ ತಗದು ಹೋಗ್ರಿ," ಎಂದರು ಅವರು. ಸುದ್ದಿ ಕಚೇರಿಗೂ ಮುಟ್ಟಿತ್ತು.

ಬ್ಯಾಂಡು ಮರುದಿನ ಶಿರಹಟ್ಟಿಯ ಒಂದು ಮದುವೆಯಲ್ಲಿದೆ ಎಂದು ಕ್ಲಾರಿಯೊನೆಟ್‌ನವರು ಹೇಳಿದ್ದರು. ಚೀಲದ ತುಂಬ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ತುಂಬಿಕೊಂಡು ಹೊರಟೆ. ಹಂದರದ ಬಾಗಿಲಲ್ಲೇ ಕೆಂಪು ಕೋಟಿನ ಬ್ಯಾಂಡಿನವರು ಬೀಗರನ್ನು ಎದುರುಗೊಳ್ಳಲು ನಿಂತಿದ್ದರು. ನಾನು ಅವರ ಬಳಿ ಹೋಗುವುದರೊಳಗೆ ಯಾರೋ ನನ್ನ ಹಣೆಗೆ ಕುಂಕುಮ ಹಚ್ಚಿ, ತಲೆಗೆ ಹೂ ಸಿಕ್ಕಿಸಿ, ಒಳಗೆ ಎಳೆದುಕೊಂಡು ಹೋಗಿ ಹೆಂಗಸರ ನಡುವೆ ಕೂಡಿಸಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿದರು.

"ಯಾರ ಪೈಕಿ ಅವ್ವಾ ನೀ? ಮದಮಗನ ಕಡೇಕ್ಯೊ, ಮದಮಗಳ ಕಡೇಕ್ಯೊ?"

ನನಗೆ ಸುಳ್ಳು ಹೊಳೆಯಲಿಲ್ಲ. "ಬ್ಯಾಂಡಿನವರ ಕಡೇಕಿರಿ," ಎಂದೆ.

ಅಜ್ಜಿ ಅದನ್ನೂ ಒಪ್ಪಿಕೊಂಡರು. "ಚೀಲದಾಗ ಮುಯ್ಯಿಗೆ ಏನ ತಂದೀ?" ಎಂದು ಕೈ ಚಾಚಿದರು. ನಾನು ಚೀಲವನ್ನು ಎದೆಗವಚಿಕೊಂಡು ಎದ್ದೆ. ಅವರು ಬಿಡಲಿಲ್ಲ, ಮುಳಗುಂದದಲ್ಲಿ ತಮ್ಮ ತಂಗಿಯ ಮೊಮ್ಮಗ ಇದ್ದಾನೆಂದೂ ಹುಡುಗ ಬಹಳ ಸಂಭಾವಿತನೆಂದೂ ಬೆನ್ನ ಹಿಂದಿನಿಂದಲೇ ಹೇಳಿ ಮುಗಿಸಿದರು.

ಬ್ಯಾಂಡಿನ ಯಜಮಾನರನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಅರವತ್ತು ದಾಟಿದವರು. ಗಡ್ಡಕ್ಕೆ ಮೆಹಂದಿ, ಕೋಟಿಗೆ ಹಿತ್ತಾಳೆಯ ಗುಂಡಿ, ಕೈಯಲ್ಲಿ ತುತ್ತೂರಿ. ಅವರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಬಾಯಾರ, ನಿಮ್ಮ ಕೈ ಮುಗೀತೀನಿ. ಇಲ್ಲೆ ಆ ಹೆಸರು ಎತ್ತಬ್ಯಾಡ್ರಿ. ಆ ಬ್ಯಾಂಡಿನವರಿಗೆ ಟೀಬಿ ಐತಿ ಅಂತ ಒಬ್ಬರ ಕಿವಿಗೆ ಬಿತ್ತಂದ್ರ ಈ ಸೀಜನ್ ಹೋತು, ಮುಂದಿನ ಸೀಜನ್ನೂ ಹೋತು. ಹದಿನಾಕು ಮನಿ ಒಲಿ ಆರ್ತಾವ."

"ನಾ ಯಾರಿಗೂ ಹೇಳಾಂಗಿಲ್ರಿ ಮಾಸ್ತರ. ಬರೇ ಎರಡು ಮಾತು ಕೇಳ್ತೀನಿ."

"ನಮ್ಮವರೆಲ್ಲಾ ಗಟ್ಟಿ ಅದಾರ್ರಿ. ಊದೋ ಮಂದಿ, ಎದಿ ಕಬ್ಬಿಣ." ಎಂದು ಹೇಳಿ ತುತ್ತೂರಿ ಬಾಯಿಗಿಟ್ಟರು. ಮುಂದಿನ ಮಾತು ಅದರ ಸದ್ದಿನಲ್ಲಿ ಮುಳುಗಿತು. ನಾನು ಗೋಧಿ ಹುಗ್ಗಿ ಉಂಡು ವಾಪಸು ಬಂದೆ.

ಎರಡು ದಿನ ಬಿಟ್ಟು ಮುಂಡರಗಿಯಲ್ಲಿ ಮತ್ತೊಂದು ಮದುವೆ. ಅಲ್ಲಿ ನನ್ನ ಸೋದರತ್ತೆಯ ಮನೆ ಇದ್ದುದರಿಂದ ಬೆಳಿಗ್ಗೆಯೇ ಹೋಗಿ ಹಂದರದ ಮುಂದೆ ಕಾಯುತ್ತ ನಿಂತೆ. ಟೆಂಪೋ ಬಂದು ತಾಡಪತ್ರಿ ಎತ್ತಿದಾಗ ಒಳಗಿಂದ ಹಬೆ ಬಂದದ್ದು ಖರೆ. ನನ್ನನ್ನು ಕಂಡು ಮಾಸ್ತರರು ಹಣೆ ಚಚ್ಚಿಕೊಂಡರು. ಆದರೆ ಆ ಹೊತ್ತಿಗೆ ಹಂದರದಲ್ಲಿ ಇನ್ನೂ ಯಾರೂ ಇರಲಿಲ್ಲ. ಬೇಗ ಮುಗಿಸಿ ಹೋಗಲಿ ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಮೂರು ವಾರಕ್ಕಿಂತ ಹೆಚ್ಚು ಕೆಮ್ಮು ಯಾರಿಗರ ಐತೇನ್ರಿ?"

"ಇಲ್ಲರೀ!" ಹದಿಮೂರು ಮಂದಿ ಒಂದೇ ಸ್ವರದಲ್ಲಿ ಹೇಳಿದರು. ಬ್ಯಾಂಡಿನವರಲ್ಲವೇ!

"ಸಂಜೀಕ ಜ್ವರ?"

"ಇಲ್ಲರೀ!"

"ತೂಕ ಕಡಿಮಿ ಆಗೂದು?"

"ಹೆಚ್ಚ ಆಗೇದ್ರಿ, ಲಗ್ನದ ಊಟ!" ಎಂದ ದೊಡ್ಡ ಡ್ರಮ್ಮಿನವನು. ಇಪ್ಪತ್ತೈದು ವರ್ಷದ, ಹಲ್ಲು ಕಾಣುವಂತೆ ನಗುವ ಗಂಡಾಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹದಿಮೂರು ಸಲ 'ಇಲ್ಲ' ಎಂದು ಬರೆದುಕೊಂಡೆ.

ಹೋಗಬಹುದಿತ್ತು. ಅತ್ತೆ ಮಧ್ಯಾಹ್ನಕ್ಕೆ ಊಟಕ್ಕೆ ಕಾಯುತ್ತಿದ್ದರು. ಆದರೆ ನನಗೆ ಬ್ಯಾಂಡ್ ಕೇಳುವ ಚಟ. ಮದುಮಗನ ಮೆರವಣಿಗೆ ಹೊರಟಾಗ ನಾನೂ ಅದರ ಹಿಂದೆ ಹೊರಟೆ. ಬಿಸಿಲಲ್ಲಿ ಎಲ್ಲರೂ ಕುಣಿಯುತ್ತಿದ್ದರು. ಗುಡಿಯ ಮುಂದೆ ಬಂದಾಗ ಪೂಜಾರಿಯವರು ಮಂಗಳಾರತಿಗೆ ಸುಮ್ಮನಿರಲೆಂದು ಕೈ ಎತ್ತಿದರು. ತುತ್ತೂರಿ, ಸಣ್ಣ ಡ್ರಮ್ಮು, ತಾಳ ಎಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ, ದೊಡ್ಡ ಡ್ರಮ್ಮಿನ ಪೆಟ್ಟು ಬೀಳಬೇಕಾಗಿದ್ದ ಸರಿಯಾದ ಜಾಗದಲ್ಲಿ, ಒಂದು ಕೆಮ್ಮು ಬಿತ್ತು.

ಒಂದೇ ಕೆಮ್ಮು. ಆಳದ್ದು.

ಡ್ರಮ್ಮಿನವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಆರತಿ ಮುಗಿದು ಬ್ಯಾಂಡ್ ಮತ್ತೆ ಶುರುವಾಯಿತು. ಈಗ ನನ್ನ ಕಿವಿ ಆ ದೊಡ್ಡ ಡ್ರಮ್ಮಿನ ಮೇಲೇ ಇತ್ತು. ಅವನು ನಾಲ್ಕೈದು ಪೆಟ್ಟಿಗೊಮ್ಮೆ ಮುಖವನ್ನು ಎಡಭುಜಕ್ಕೆ ಒತ್ತುತ್ತಿದ್ದ. ಕೋಲು ಡ್ರಮ್ಮಿಗೆ ಬೀಳುವ ಕ್ಷಣಕ್ಕೇ ಕೆಮ್ಮುತ್ತಿದ್ದ. ಅಷ್ಟು ಕರಾರುವಾಕ್ಕಾಗಿ ಕೆಮ್ಮುವವರನ್ನು ನಾನು ಈವರೆಗೂ ಮತ್ತೆ ಕಂಡಿಲ್ಲ. ಹೆದರಿಕೆಯ ವಿಷಯ ಅದು, ಆದರೂ ನನಗೆ ಅವನ ಜಾಣತನಕ್ಕೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಣಿಯುತ್ತಿದ್ದ ಹೆಂಗಸು, ನಾನೂ ಕುಣಿಯಲು ಬಂದಿದ್ದೇನೆಂದು ಕೈ ಹಿಡಿದು ಎಳೆದಳು. ಎರಡು ಹೆಜ್ಜೆ ಕುಣಿದೇ ತಪ್ಪಿಸಿಕೊಂಡೆ.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು ಜನ ಊಟಕ್ಕೆ ಕುಳಿತ ಮೇಲೆ ಅಡಿಗೆಯ ಹಂದರದ ಹಿಂದೆ ಅವನನ್ನು ಹಿಡಿದೆ.

"ಎಷ್ಟು ದಿನಾ ಆತು?"

"ಎರಡು ತಿಂಗಳ ಆತ್ರಿ." ಹಲ್ಲು ಈಗ ಕಾಣುತ್ತಿರಲಿಲ್ಲ. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಡೋಣಿ ಊರಾಗ ನನಗ ಹುಡುಗಿ ನೋಡ್ಯಾರ. ಮಾತು ಮುಗದೈತಿ. ಇದು ತಿಳೀತಂದ್ರ ಲಗ್ನ ಮುರೀತದ."

"ಹೇಳಾಂಗಿಲ್ಲ. ಒಂದು ಡಬ್ಬಿಯೊಳಗ ಕಫ ಕೊಟ್ರ ಸಾಕು."

"ನಾ ಒಬ್ಬನ ಡಬ್ಬಿ ಹಿಡಕೊಂಡು ನಿಂತ್ರ ಬ್ಯಾಂಡಿನವರಿಗೆಲ್ಲಾ ತಿಳೀತದಲ್ರಿ. ಅವರ ಬಾಯಿ ಎಂಥಾವು ಅಂತ ನಿಮಗ ಗೊತ್ತಿಲ್ಲ, ಅವೂ ತುತ್ತೂರೀನ."

ಆಗ ಹಿಂದಿನಿಂದ ಮಾಸ್ತರರ ಧ್ವನಿ ಬಂತು. ಅವರು ಕೈ ತೊಳೆಯಲು ಬಂದವರು ನೀರಿನ ಚರಿಗೆ ಹಿಡಿದು ಅಲ್ಲೇ ನಿಂತಿದ್ದರು.

"ತಾಳ ತಪ್ಪಸ್ತಾನಂತ ಎರಡು ತಿಂಗಳಿಂದ ದಿನಾ ಇವನಿಗೆ ಬೈತಿದ್ದೆ," ಎಂದರು. ಚರಿಗೆ ಕೆಳಗಿಟ್ಟು ಅವನ ತಲೆಯ ಮೇಲೆ ಕೈ ಇಟ್ಟರು. "ಹೇಳಬಾರದೇನೋ ಹುಚ್ಚಾ?"

ಆಮೇಲೆ ಮಾಸ್ತರರೇ ನನ್ನ ಕಡೆ ತಿರುಗಿದರು. "ನಾಳೆ ನಾವು ಹಮ್ಮಿಗಿಯೊಳಗ ಇರ್ತೀವಿ. ಹೊಳಿ ದಂಡಿ ಮ್ಯಾಲ ಬೆಳಿಗ್ಗೆ ಯಾರೂ ಇರಾಂಗಿಲ್ಲ. ಎಲ್ಲಾರೂ ಕೊಡ್ತೀವಿ, ನಾನೂ ಕೊಡ್ತೀನಿ. ಎಲ್ಲಾರ ಕೈಯಾಗ ಡಬ್ಬಿ ಇದ್ರ ಇವನ ಕೈಯಾಗಿಂದು ಕಾಣೂದಿಲ್ಲ."

ಅವತ್ತು ನಾನು ಅತ್ತೆಯ ಮನೆಯಲ್ಲೇ ಉಳಿದೆ. ಬೆಳಗಾಗುತ್ತಲೇ ಹಮ್ಮಿಗಿ ಮುಟ್ಟಿದಾಗ ತುಂಗಭದ್ರೆಯ ದಂಡೆಯ ಮೇಲೆ ಹದಿಮೂರು ಮಂದಿ ಬನಿಯನ್ನು, ಲುಂಗಿಯಲ್ಲಿ ಸಾಲಾಗಿ ನಿಂತಿದ್ದರು. ಬಯಲು, ಗಾಳಿ, ಹೊಸ ಬಿಸಿಲು. ಕಫ ತೆಗೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಬ್ಬರಿಂದೊಬ್ಬರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ನಾನು ಗಾಳಿಗೆ ಬೆನ್ನಾಗಿ ಹಿಂದೆ ನಿಂತು ಹೇಳಿಕೊಟ್ಟೆ: ಎರಡು ಸಲ ಉಸಿರು ಎಳೆದು ಬಿಡಬೇಕು, ಮೂರನೆಯದಕ್ಕೆ ಹೊಟ್ಟೆಯಿಂದ ಕೆಮ್ಮಬೇಕು, ಉಗುಳು ಬೇಡ, ಕಫ ಬೇಕು.

"ತಿಳೀತಿಲ್ಲೋ?" ಎಂದು ಮಾಸ್ತರರು ಕೈ ಎತ್ತಿದರು. "ಏಕ್! ದೋ!"

ಮೂರಕ್ಕೆ ಹದಿಮೂರು ಎದೆಗಳು ಒಟ್ಟಿಗೆ ಕೆಮ್ಮಿದವು. ಆಚೆ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ನೀರಿಗೆ ಬಂದ ಇಬ್ಬರು ಹೆಂಗಸರು ಕೊಡ ಹಿಡಿದೇ ತಿರುಗಿ ನಡೆದರು. ಒಬ್ಬನಿಗೆ ಬರೀ ಉಗುಳು, ಇನ್ನೊಬ್ಬನಿಗೆ ಅದೂ ಇಲ್ಲ, ಮತ್ತೊಬ್ಬ ನಗುತ್ತ ನಗುತ್ತ ಕೆಮ್ಮುವುದನ್ನೇ ಮರೆತ. ಮಾಸ್ತರರು ಅವರನ್ನು ಬೇರೆ ನಿಲ್ಲಿಸಿ ಮತ್ತೆ ತಾಲೀಮು ಮಾಡಿಸಿದರು. ಮದುವೆ ಮನೆಯ ಯಜಮಾನರೊಬ್ಬರು ಸದ್ದು ಕೇಳಿ ದಿಬ್ಬದ ಮೇಲಿಂದ ಬಗ್ಗಿ ನೋಡಿದರು.

"ಏನ್ರಿ ಮಾಸ್ತರ ಇದು?"

"ರಿಯಾಜ್ ನಡದೈತ್ರಿ!" ಎಂದರು ಮಾಸ್ತರರು, ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು. "ಎದಿ ಸ್ವಚ್ಛ ಆದ್ರ ಸ್ವರ ಸ್ವಚ್ಛ!"

ಯಜಮಾನರು ಮೆಚ್ಚಿ ತಲೆಯಾಡಿಸಿ ಹೋದರು.

ನಾನು ಕ್ಲಾರಿಯೊನೆಟ್‌ನವರನ್ನೂ ಲೆಕ್ಕ ಹಿಡಿದು ಹದಿನಾಲ್ಕು ಡಬ್ಬಿಗಳ ಮೇಲೆ ನಂಬರು ಬರೆದು ತಂದಿದ್ದೆ. ಒಂದು ಉಳಿಯಿತು. ಟೆಂಪೋದ ಡ್ರೈವರ್ ದೂರ ಕುಳಿತು, ಬೀಡಿ ಸೇದುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ಊದುವವನೂ ಅಲ್ಲ, ಬಡಿಯುವವನೂ ಅಲ್ಲ. ಅವನ ಹೆಸರು ನನ್ನ ಪಟ್ಟಿಯಲ್ಲೇ ಇರಲಿಲ್ಲ.

"ನಗ್ತಿ ಯಾಕಲೇ? ಒಂದು ಡಬ್ಬಿ ಉಳದೈತಿ, ಬಾ ನೀನೂ," ಎಂದು ಬ್ಯಾಂಡಿನವರು ಕರೆದರು. ಅವನು ಬೀಡಿ ಎಸೆದು, ಕುಸ್ತಿಗೆ ಇಳಿಯುವವನಂತೆ ತೋಳೇರಿಸಿಕೊಂಡು ಬಂದು, ಒಂದೇ ಸಲಕ್ಕೆ ಡಬ್ಬಿ ತುಂಬಿಕೊಟ್ಟ. ಎಲ್ಲರೂ ಚಪ್ಪಾಳೆ ಹೊಡೆದರು.

ನಿಯಮದಂತೆ ಒಬ್ಬೊಬ್ಬರದು ಮೂರು ಸಲ ಬೇಕಿತ್ತು. ಉಳಿದೆರಡು ಸಲದ್ದನ್ನು ಆಮೇಲೆ ಯಾವ ಊರಲ್ಲಿ ಹೇಗೆ ತೆಗೆದುಕೊಂಡೆವೋ ಈಗ ಸರಿಯಾಗಿ ನೆನಪಿಲ್ಲ. ಆ ಬೆಳಗಿನ ಸವಾರಿ ಮಾತ್ರ ಚೆನ್ನಾಗಿ ನೆನಪಿದೆ. ಡಬ್ಬಿಗಳನ್ನು ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಸೀಟಿಗೆ ಹಗ್ಗದಿಂದ ಕಟ್ಟಿ, ಬಿಸಿಲೇರುವುದರೊಳಗೆ ಮುಂಡರಗಿಗೆ ಮುಟ್ಟಿಸಬೇಕಿತ್ತು. ತಗ್ಗು ಬಂದಲ್ಲೆಲ್ಲ ಸೀಟಿನಿಂದ ಎದ್ದು ನಿಂತು ಹೊಡೆದೆ. ಒಂದು ಕಡೆ ಕುರಿ ಹಿಂಡು ಅಡ್ಡ ಬಂತು. ನಿಲ್ಲಿಸದೆ ಅವುಗಳ ಜೊತೆಗೇ ಒಂದು ಫರ್ಲಾಂಗು ಹೋದೆ. ದವಾಖಾನೆಯ ಮುಂದೆ ಗಾಡಿ ನಿಲ್ಲಿಸಿ ಪೆಟ್ಟಿಗೆ ಬಿಚ್ಚಿದಾಗ ಒಂದು ಹನಿಯೂ ಚೆಲ್ಲಿರಲಿಲ್ಲ. ಪ್ರಯೋಗಾಲಯದವರು ಹದಿನಾಲ್ಕು ಡಬ್ಬಿ ನೋಡಿ ಬಾಗಿಲಿಗೆ ಆನಿಕೊಂಡರು.

"ಕೆಮ್ಮು ಇದ್ದವರದು ಅಷ್ಟ ತರ್ರಿ ಅಂದ್ರ, ಊರ ಕಫಾನ ಹೊತ್ತುಕೊಂಡು ಬಂದೀರಲ್ರಿ!"

"ಊರಿಂದಲ್ರಿ ಅಣ್ಣಾರ, ಬ್ಯಾಂಡಿಂದು," ಎಂದೆ. ಅವರು ನಗದಿರಲು ಪ್ರಯತ್ನಿಸಿ ಸೋತು, ಗಾಜಿನ ಪಟ್ಟಿಗಳನ್ನು ಹೊರತೆಗೆದರು.

ಮೂರು ದಿನಗಳ ಮೇಲೆ ಅವರೇ ಫೋನು ಮಾಡಿ ಕರೆದರು. ಡ್ರಮ್ಮಿನವನದು ಟಿಬಿ ಎಂದು ಬಂದಿತ್ತು. ಅದು ನಿರೀಕ್ಷಿಸಿದ್ದೇ. ಉಳಿದ ಹನ್ನೆರಡು ವಾದಕರದು ಏನೂ ಇರಲಿಲ್ಲ. "ಇನ್ನೊಬ್ಬರದು ಐತಿ ನೋಡ್ರಿ," ಎಂದು ಅವರು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಹದಿನಾಲ್ಕನೇ ನಂಬರು. ಡ್ರೈವರನದು.

ನನ್ನ ನಗೆ ಅಲ್ಲಿಗೇ ನಿಂತಿತು. ಹಗ್ಗ ಕಟ್ಟಿ ಮೆರೆದ ಆ ಸವಾರಿ, ಚಪ್ಪಾಳೆ, ಬೆಳ್ಳಕ್ಕಿ ಎಲ್ಲ ನೆನಪಾಗಿ, ಆ ಡಬ್ಬಿ ಉಳಿಯದೇ ಹೋಗಿದ್ದರೆ ಏನಾಗುತ್ತಿತ್ತು ಎಂದುಕೊಳ್ಳುತ್ತ ಡ್ರೈವರನ ಮನೆಯ ಕಡೆ ಗಾಡಿ ತಿರುಗಿಸಿದೆ.

ಡ್ರೈವರ್ ನಂಬಲೇ ಇಲ್ಲ. "ಡಬ್ಬಿ ಉಳದೈತಂತ ಚ್ಯಾಷ್ಟಿಗೆ ಕೊಟ್ಟಿದ್ದೆನಲ್ರಿ! ಇದು ಬೀಡಿ ಕೆಮ್ಮು!" ಎಂದ. ಅವನಿಗೆ ಎರಡೂವರೆ ವರ್ಷದ ಅವಳಿ ಮಕ್ಕಳಿದ್ದವು. ಮಕ್ಕಳ ಮಾತೆತ್ತಿದ ಮೇಲೆ ತಾನೇ ಅವೆರಡನ್ನೂ ಎರಡು ಕಂಕುಳಲ್ಲಿ ಎತ್ತಿಕೊಂಡು ದವಾಖಾನೆಗೆ ಬಂದ. ಮಕ್ಕಳಿಗೆ ಏನೂ ಆಗಿರಲಿಲ್ಲ. ಅವಕ್ಕೂ ಗುಳಿಗೆ ಶುರುವಾಯಿತು.

ಈ ಸುದ್ದಿ ಕೇಳಿ ಡಾಕ್ಟರು ಒಂದು ಹಾಳೆ ಎಳೆದುಕೊಂಡು, "ಆ ಟೆಂಪೋದಾಗ ಯಾರ್ಯಾರು ಎಲ್ಲೆಲ್ಲಿ ಕುಂಡ್ರತಾರ, ಬರದು ತೋರಸ್ರಿ," ಎಂದರು. ನಾನು ಬರೆದೆ. ಕ್ಲಾರಿಯೊನೆಟ್ಟಿಗೆ ಧೂಳು ಹೊಕ್ಕರೆ ಕೆಡುತ್ತದೆಂದು ಅದನ್ನು ಊದುವವರು ಯಾವಾಗಲೂ ಮುಂದೆ, ಡ್ರೈವರನ ಪಕ್ಕದಲ್ಲಿ, ಗಾಜು ಏರಿಸಿಕೊಂಡು ಕೂಡುತ್ತಿದ್ದರು. ಅವರ ಬೆನ್ನಿಗೆ ಹತ್ತಿಕೊಂಡು, ಕ್ಯಾಬಿನ್ನಿನ ಹಿಂದಿನ ಮುರಿದ ಕಿಟಕಿಯ ಆಚೆ, ಡ್ರಮ್ಮಿನವನ ಜಾಗ. ಡಾಕ್ಟರು ಆ ಮೂರು ಜಾಗಗಳಿಗೆ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿದರು.

"ಇನ್ನ ಮುಂದ, ಪೇಶಂಟ್ ಯಾರ ಸಂಗಾಟ ದಿನಾ ಕುಂಡ್ರತಾನ ಅಂತನೂ ಕೇಳ್ರಿ. ಫಾರಂನ್ಯಾಗ ಜಾಗಾ ಇಲ್ಲಂದ್ರ ಹಿಂದಿನ ಮಗ್ಗಲಾ ಬರೀರಿ."

ಮುಂದಿನ ತಿಂಗಳ ಸಭೆಯಲ್ಲಿ ಉಳಿದ ತಾಲೂಕುಗಳವರಿಗೂ ಅದನ್ನೇ ಹೇಳಿದರು. ಟೆಂಪೋದ ತಾಡಪತ್ರಿಯನ್ನು ಮಾಸ್ತರರೇ ನಿಂತು ಮೇಲಕ್ಕೆ ಸುತ್ತಿಸಿದರು. ಧೂಳು ಬಂದರೆ ಬರಲಿ, ಕೋಟು ಒಗೆದರಾಯಿತು ಎಂದರಂತೆ.

ಇನ್ನು ಡೋಣಿಯ ಹುಡುಗಿಯ ವಿಷಯ. ಗುಳಿಗೆ ಶುರುವಾದ ಮೂರು ವಾರಕ್ಕೆ ಡ್ರಮ್ಮಿನವನ ಕೆಮ್ಮು ತಗ್ಗಿತು, ಎರಡು ತಿಂಗಳಿಗೆ ಕಫ ಸ್ವಚ್ಛವಾಯಿತು. ಆದರೂ ಮುಚ್ಚಿಟ್ಟು ಮದುವೆಯಾಗಲು ಅವನ ಮನಸ್ಸು ಒಪ್ಪಲಿಲ್ಲ. "ನೀವೂ ಬರ್ರಿ, ನಾ ಹೇಳಿದ್ರ ನಂಬಾಂಗಿಲ್ಲ," ಎಂದ. ಒಂದು ಮಧ್ಯಾಹ್ನ ಮಾಸ್ತರರು, ಅವನು ಮತ್ತು ನಾನು ಕಪ್ಪತಗುಡ್ಡದ ಬುಡದ ಆ ಊರಿಗೆ ಹೋದೆವು. ಅವರಿಬ್ಬರೂ ಬಸ್ಸಿನಲ್ಲಿ, ನಾನು ಗಾಡಿಯ ಮೇಲೆ. ಹುಡುಗಿಯ ತಂದೆ ಲಾಳ ಬಡಿಯುವ ಕೆಲಸದವರು. ಡ್ರಮ್ಮಿನವನು ತಲೆ ತಗ್ಗಿಸಿ ಎಲ್ಲ ಹೇಳಿದ. ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನು ಕೇಳಿದರು.

"ಪೂರಾ ಆರಾಮ ಆಕ್ಕೈತೇನ್ರಿ ಬಾಯಾರ? ಖರೆ ಹೇಳ್ರಿ."

"ಗುಳಿಗಿ ತಪ್ಪಸದ ನುಂಗಿದ್ರ ಪೂರಾ ಆಕ್ಕೈತ್ರಿ. ಇನ್ನ ನಾಕು ತಿಂಗಳು."

"ಹಂಗಾರ ನಾಕು ತಿಂಗಳ ಮ್ಯಾಲೆ ತಾರೀಖ ಇಡೂಣು," ಎಂದರು ಅವರು. "ಸುಳ್ಳ ಹೇಳಿ ಲಗ್ನ ಆಗಿದ್ರ ಬ್ಯಾರೆ ಮಾತಾಗ್ತಿತ್ತು."

ಡ್ರಮ್ಮಿನವನು ಬಸ್ ನಿಲ್ದಾಣ ಮುಟ್ಟಿದ ಕೂಡಲೇ ನನ್ನ ಗಾಡಿಯ ಸೀಟನ್ನೇ ಎರಡೂ ಕೈಯಿಂದ ಬಡಿಯತೊಡಗಿದ. ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರು ಎದ್ದು ಕುಣಿದರು.

ಆ ಮದುವೆಗೆ ನನ್ನನ್ನು ಅಪ್ಪ-ಅವ್ವರ ಸಮೇತ ಕರೆದಿದ್ದರು. ನಾವು ಮಾಂಸ ಉಣ್ಣದವರೆಂದು ನಮಗೆ ಪಕ್ಕದ ಲಿಂಗಾಯತರ ಮನೆಯಲ್ಲಿ ಬೇರೆ ಅಡಿಗೆ ಮಾಡಿಸಿದ್ದರು. ಕ್ಲಾರಿಯೊನೆಟ್‌ನವರ ಗುಳಿಗೆ ಮುಗಿದಿತ್ತು. ಮೈಯಲ್ಲಿ ಮಾಂಸ ತುಂಬಿ, ಹಳೆಯ ಕೆಂಪು ಕೋಟಿನ ಗುಂಡಿ ಹಾಕಲು ಬರದೆ ಬಿಟ್ಟುಕೊಂಡೇ ಊದಿದರು. ಅವರ ಮಗಳು ಮುಂದೆ ನಿಂತು, ಅಬ್ಬಾ ಉಸಿರೆಳೆದಾಗಲೆಲ್ಲ ತಾನೂ ಗಲ್ಲ ಉಬ್ಬಿಸುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳಿ, ರಾಗ ಯಾವುದೆಂದು ಮಾಸ್ತರರ ಜೊತೆ ವಾದಕ್ಕೆ ಕುಳಿತರು. ಅವ್ವ ಹುಡುಗಿಯ ಕಡೆಯ ಹೆಂಗಸರ ನಡುವೆ ಹೊಕ್ಕವಳು ಹೊರಗೆ ಬರಲೇ ಇಲ್ಲ.

ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬರು ಬಂದು ನನ್ನ ಮುಂಗೈ ಹಿಡಿದರು. ನಾನು ಯಾರೆಂದು ಅವರಿಗೆ ಯಾರೋ ಹೇಳಿದ್ದರು.

"ನಮ್ಮ ಗಿರಣಿಯಾಗ ಕೆಲಸಕ್ಕ ಬರಾವ ಭಾಳ ದಿನದಿಂದ ಕೆಮ್ಮಾಕತ್ಯಾನ್ರಿ. ಹಿಟ್ಟಿನ ಕೆಮ್ಮು ಅಂತಾನ. ಒಂದೀಟು ನೋಡಿ ಬರ್ತೀರೇನ್ರಿ?"

ನಾನು ಬಾಯಿಯ ಎಲೆ ಉಗುಳಿ, ಗಾಡಿಯ ಚೀಲದಿಂದ ಎರಡು ಡಬ್ಬಿ ತೆಗೆದುಕೊಂಡು, ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು ಅವರ ಹಿಂದೆ ನಡೆದೆ. ಗಿರಣಿ ಎರಡು ಓಣಿ ಆಚೆ ಇತ್ತು. ದಾರಿಯಲ್ಲೇ ಕೇಳಿದೆ: "ಗಿರಣಿಯಾಗ ಅವನ ಸಂಗಾಟ ಮತ್ತ ಯಾರ್ಯಾರು ಇರ್ತಾರ್ರಿ?"